ಸುಸ್ತಿಗೆ ಹಾಸಿಗೆ ಮದ್ದಲ್ಲ ಮಗೂ

ಕೊನೆಯ ಕೀಮೋ ಮುಗಿಸಿ ಮನೆಗೆ ಬಂದಿದ್ದೀಯ. ಲಿಂಫೋಮಾ ಹತೋಟಿಗೆ ಬಂತು ಎಂದು ಡಾಕ್ಟರು ಹೇಳಿದ ಮೇಲೂ ಸುಸ್ತು ಮಾತ್ರ ಬಿಡುತ್ತಿಲ್ಲ ಅಂತ ನಿನ್ನಮ್ಮ ಫೋನಿನಲ್ಲಿ ಗೋಳಾಡಿದಳು. ಕೂತರೆ ಮಲಗು, ಎದ್ದರೆ ಕೂರು ಅನ್ನುವವರೇ ಮನೆ ತುಂಬ ಇದ್ದಾರಂತೆ. ಅವರ ಅಕ್ಕರೆ ದೊಡ್ಡದು. ಆದರೆ ಬಹಳ ಕಾಲ ರೋಗಿಗಳಿಗೆ ಫಿಸಿಯೋಥೆರಪಿ ಮಾಡಿಸಿದವಳಾಗಿ ಹೇಳುತ್ತೇನೆ ಕೇಳು, ಈ ಸುಸ್ತು ಮಲಗಿದರೆ ಹೋಗುವ ಜಾತಿಯದಲ್ಲ.

ಗದ್ದೆಯಲ್ಲಿ ದುಡಿದು ಬಂದವರ ದಣಿವು ಒಂದು ರಾತ್ರಿಯ ನಿದ್ದೆಗೆ ಇಳಿಯುತ್ತದೆ. ನಿನ್ನದು ಎಷ್ಟು ಹೊತ್ತು ಮಲಗಿ ಎದ್ದರೂ ಹಾಗೇ ಇರುತ್ತದೆ. ಮಲಗಿದಷ್ಟೂ ಸ್ನಾಯು ಕರಗುತ್ತದೆ, ಕರಗಿದಷ್ಟೂ ಬಚ್ಚಲಿಗೆ ಹೋಗಿ ಬರುವುದೇ ದೊಡ್ಡ ಕೆಲಸವಾಗುತ್ತದೆ, ಮತ್ತೆ ಮಲಗಬೇಕು ಅನಿಸುತ್ತದೆ. ಕೀಮೋ ಜೊತೆ ಕೊಟ್ಟ ಪ್ರೆಡ್ನಿಸೋಲೋನ್ ಬೇರೆ ತೊಡೆ, ಸೊಂಟದ ಸ್ನಾಯುಗಳನ್ನೇ ಹೆಚ್ಚು ಸೊರಗಿಸುತ್ತದೆ. ಊಟಕ್ಕೆ ನೆಲದಲ್ಲಿ ಕೂತವನು ಏಳಲು ಗೋಡೆ ಹಿಡಿಯಬೇಕಾಗಿದೆಯಲ್ಲ, ಅದಕ್ಕೇ.

ಕೆನಡಾದ ಆಲ್ಬರ್ಟಾದಲ್ಲಿ ಕೆರಿ ಕೂರ್ನಿಯಾ ಅವರ ತಂಡ 122 ಮಂದಿ ಲಿಂಫೋಮಾ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿನವರಿಂದ 12 ವಾರ ಸೈಕಲ್ ತುಳಿಸಿತು. ಅವರಲ್ಲಿ ಕೆಲವರಿಗೆ ಕೀಮೋ ಇನ್ನೂ ನಡೆಯುತ್ತಿತ್ತು. ತುಳಿದವರ ಓಡಾಟದ ಕಸುವು ಹೆಚ್ಚಿತು, ದಣಿವೂ ಮಂಕೂ ಇಳಿಯಿತು, ಕೀಮೋ ಕೆಲಸಕ್ಕೆ ಅಡ್ಡಿಯೂ ಆಗಲಿಲ್ಲ. 2009ರಲ್ಲೇ ಪ್ರಕಟವಾದ ಸಂಗತಿ ಇದು. ಇವತ್ತಿಗೂ ನಮ್ಮ ಮನೆಗಳಲ್ಲಿ ರೋಗಿಯನ್ನು ಮಲಗಿಸಿಯೇ ಇಡುತ್ತೇವಲ್ಲ ಎಂದು ನನಗೆ ಸಂಕಟವಾಗುತ್ತದೆ.

ವಾರಕ್ಕೆ ಮೂರು ದಿನ 30 ನಿಮಿಷ ನಡಿಗೆ, ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಎಂದು 2019ರಲ್ಲಿ ತಜ್ಞರು ಹೇಳಿದ್ದಾರೆ. ಅದು ಮುಂದಿನ ಗುರಿ. ನೀನು ಐದು ನಿಮಿಷದಿಂದ ಶುರು ಮಾಡು. ನಡೆಯುತ್ತ ಮಾತಾಡಲು ಆಗಬೇಕು, ಹಾಡಲು ಉಸಿರು ಸಾಲಬಾರದು. ಅಷ್ಟು ವೇಗ ಸಾಕು.

ತೊಡೆಗೆ ಒಂದು ಗಟ್ಟಿ ಮರದ ಕುರ್ಚಿಯೇ ಸಾಕು. ಜಾರದಂತೆ ಗೋಡೆಗೆ ಒತ್ತಿಸಿಡು. ಅಂಚಿಗೆ ಬಂದು ಕೂತು, ಪಾದಗಳನ್ನು ತುಸು ಹಿಂದಕ್ಕೆಳೆದುಕೊಂಡು, ಮೂಗು ಮಂಡಿಯ ಮೇಲೆ ಬರುವಷ್ಟು ಬಾಗಿ, ಕೈ ಊರದೆ ಏಳು. ಮೊದಮೊದಲು ಕೈ ಊರಿದರೂ ಸರಿ. ಕೂರುವಾಗ ಧೊಪ್ಪನೆ ಬೀಳಬೇಡ, ನಿಧಾನ ಇಳಿ. ಆ ಇಳಿಯುವಿಕೆಯಲ್ಲೂ ತೊಡೆ ಗಟ್ಟಿಯಾಗುತ್ತದೆ. ಉಸಿರು ಬಿಗಿಹಿಡಿಯಬೇಡ.

ಹುಮ್ಮಸ್ಸಿನಲ್ಲಿ ಮೈ ಮರೆಯಬಾರದು. ನಿನಗೆ ಕೊಟ್ಟ ಡಾಕ್ಸೊರುಬಿಸಿನ್ ಹೃದಯದ ಸ್ನಾಯುವಿಗೆ ಪೆಟ್ಟು ಕೊಡಬಲ್ಲದು, ಅದಕ್ಕೆ ಹೃದಯದ ಎಕೋ ರಿಪೋರ್ಟ್ ಡಾಕ್ಟರಿಗೆ ತೋರಿಸಿಯೇ ವ್ಯಾಯಾಮ ಮುಂದುವರಿಸು. ಪ್ಲೇಟ್‌ಲೆಟ್ 20,000ಕ್ಕಿಂತ ಕೆಳಗಿಳಿದರೆ, ಹಿಮೋಗ್ಲೋಬಿನ್ 8ರ ಆಸುಪಾಸಿಗೆ ಬಂದರೆ ಅವರನ್ನು ಕೇಳದೆ ಮೈ ದಣಿಸಬೇಡ. ಜ್ವರ 100.4 ಡಿಗ್ರಿ ಮುಟ್ಟಿದರೆ ಆಸ್ಪತ್ರೆಗೆ ಹೊರಡು. ವಿನ್‌ಕ್ರಿಸ್ಟಿನ್‌ನಿಂದ ಪಾದ ಜೋಮು ಹಿಡಿದಿದ್ದರೆ ಚಪ್ಪಲಿ ಬಿಟ್ಟು ಶೂ ಹಾಕು. ತೊಡೆಸಂದಿಯಲ್ಲಿ ನೋವು ಬಂದರೆ ನಡೆದು ನಡೆದು ಸರಿಮಾಡಿಕೊಳ್ಳಲು ಹೋಗಬೇಡ. ಸ್ಟೀರಾಯ್ಡ್ ಸೊಂಟದ ಕೀಲಿನ ಮೂಳೆಯನ್ನೂ ಕೆಡಿಸುವುದುಂಟು. ವಾರ್ಡಿನಲ್ಲಿ ನಿನ್ನ ಪಕ್ಕದಲ್ಲಿದ್ದ ಮೈಲೋಮಾದ ಅಜ್ಜನಿಗೆ ಇದೆಲ್ಲ ಒಪ್ಪಿಸಲು ಹೋಗಬೇಡ. ಆ ಕಾಯಿಲೆ ಬೆನ್ನೆಲುಬನ್ನೇ ಟೊಳ್ಳು ಮಾಡುತ್ತದೆ, ಭಾರ ಎತ್ತಿದರೆ, ಬಗ್ಗಿ ತಿರುಗಿದರೆ ಮುರಿದೀತು. ಅವರಿಗೆ ಬೇರೆಯೇ ಕ್ರಮ ಬೇಕು.

ಒಂದು ದಿನ ಗೇಟಿನವರೆಗೆ ಹೋಗಿ ಬರುತ್ತೀಯ, ಮರುದಿನ ಜಗುಲಿ ದಾಟಲೂ ಆಗುವುದಿಲ್ಲ. ಆಗ ಕೂತಲ್ಲೇ ಕಾಲು ಚಾಚಿ ಮಡಿಸು, ಸಾಕು. ಎಷ್ಟು ನಡೆದೆ, ಹೇಗನಿಸಿತು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡು. ಮುಂದಿನ ತಪಾಸಣೆಗೆ ರಕ್ತದ ರಿಪೋರ್ಟ್ ಜೊತೆ ಅದನ್ನೂ ಒಯ್ಯು.