ವಿಲ್‌ಹೆಲ್ಮ್ ಕೇಳಿದ ಪ್ರಶ್ನೆ

ಪುಟ್ಟಿಗೆ,

ನಾನು ಯಾರು, ಏನಾಗಬೇಕು ಎಂಬುದೇ ತಿಳಿಯುತ್ತಿಲ್ಲವೆಂದು ಬರೆದಿದ್ದೀಯ. ಈ ತಳಮಳವನ್ನು ಜರ್ಮನ್ ಲೇಖಕರಷ್ಟು ಬೆನ್ನುಹತ್ತಿದವರು ಕಡಿಮೆ. 1794ರಲ್ಲಿ ಯೇನಾ ವಿಶ್ವವಿದ್ಯಾಲಯದಲ್ಲಿ ಫಿಕ್ಟೆ, ತತ್ವಶಾಸ್ತ್ರ ‘ನಾನು’ ಎಂಬಲ್ಲಿಂದಲೇ ಶುರುವಾಗಬೇಕೆಂದು ಪಾಠ ಹೇಳುತ್ತಿದ್ದ. ಹತ್ತಿರದ ವೈಮಾರ್‌ನಲ್ಲಿ ಗಯಟೆ ಅದೇ ಪ್ರಶ್ನೆಯನ್ನು ಕಾದಂಬರಿಯಾಗಿಸುತ್ತಿದ್ದ.

ಅದೇ ‘ವಿಲ್‌ಹೆಲ್ಮ್ ಮೈಸ್ಟರ್‌ನ ಕಲಿಕೆಯ ವರ್ಷಗಳು’, 1795–96ರಲ್ಲಿ ಅಚ್ಚಾಯಿತು. ವ್ಯಾಪಾರಿಯ ಮಗ ವಿಲ್‌ಹೆಲ್ಮ್‌ಗೆ ನಾಟಕದ ಹುಚ್ಚು. ಮನೆಯ ಬಾಕಿ ವಸೂಲಿಗೆಂದು ಹೊರಟವನು ನಾಟಕ ಮಂಡಳಿ ಸೇರುತ್ತಾನೆ, ಹ್ಯಾಮ್ಲೆಟ್ ಪಾತ್ರ ಮಾಡುತ್ತಾನೆ, ಕೊನೆಗೆ ತಾನು ನಟನಲ್ಲವೆಂದು ಅರಿಯುತ್ತಾನೆ. ಕಳೆದ ವರ್ಷಗಳೆಲ್ಲ ವ್ಯರ್ಥವೇ? ಮರೆಯಿಂದ ಅವನನ್ನು ಗಮನಿಸುತ್ತಿದ್ದ ಹಿರಿಯರ ಕೂಟವೊಂದು ಗೋಪುರಕ್ಕೆ ಕರೆಸಿ, ಅವನ ಬಾಳಿನದೇ ದಾಖಲೆಯ ಸುರುಳಿಯನ್ನು ತೋರಿಸುತ್ತದೆ. ಪ್ರಶ್ನೆ ಕೇಳಲು ಅವಕಾಶವನ್ನೂ ಕೊಡುತ್ತದೆ. ಅವನು ತನ್ನ ಬಗ್ಗೆ ಏನು ಬೇಕಾದರೂ ಕೇಳಬಹುದಿತ್ತು. ಕೇಳುವುದು ಮಾತ್ರ, ಫೆಲಿಕ್ಸ್ ಎಂಬ ಪುಟ್ಟ ಹುಡುಗ ನಿಜಕ್ಕೂ ತನ್ನ ಮಗನೇ ಎಂದು! ಹೌದೆನ್ನುತ್ತಾರೆ, ಅವನ ಕಲಿಕೆ ಮುಗಿಯಿತೆಂದೂ ಹೇಳುತ್ತಾರೆ. ಇಲ್ಲಿಗೆ ಬಂದಾಗಲೆಲ್ಲ ನನ್ನ ಕಣ್ಣು ತೇವವಾಗುತ್ತದೆ, ಮಗೂ. ತನ್ನನ್ನೇ ಹುಡುಕಿಕೊಂಡು ಅಲೆದವನು ಇನ್ನೊಂದು ಜೀವದ ಹೊಣೆ ಹೊರಲು ಮುಂದಾದಾಗ ತಾನಾಗುತ್ತಾನೆ. ಗಯಟೆಯೇ 1774ರಲ್ಲಿ ಸೃಷ್ಟಿಸಿದ ವೆರ್ಟರ್‌ಗೆ ಈ ಭಾಗ್ಯವಿರಲಿಲ್ಲ. ತನ್ನ ಎದೆಯ ಬೇಗೆಯೇ ಇಡೀ ಲೋಕವೆಂದುಕೊಂಡು ಆ ಹುಡುಗ ಪ್ರಾಣವನ್ನೇ ಕಳೆದುಕೊಂಡ.

ನೋವಾಲಿಸ್‌ಗೆ ಮೈಸ್ಟರ್‌ನ ದಾರಿ ಒಪ್ಪಿಗೆಯಾಗಲಿಲ್ಲ. ಉಪ್ಪು ತಯಾರಿಕೆಯ ಆಡಳಿತದಲ್ಲಿ ದುಡಿಯುತ್ತಿದ್ದ ಈ ಕವಿ ಆ ಕಾದಂಬರಿಯನ್ನು ಮೊದಲು ಮೆಚ್ಚಿದ. ಆಮೇಲೆ ಅದರಲ್ಲಿ ಕಾವ್ಯವೇ ಸತ್ತಿದೆಯೆಂದು ಸಿಟ್ಟಾಗಿ ‘ಹೈನ್‌ರಿಷ್ ಫಾನ್ ಓಫ್ಟರ್‌ಡಿಂಗನ್’ ಬರೆಯತೊಡಗಿದ. ಅದರ ನಾಯಕ ಗುಹೆಯೊಂದರಲ್ಲಿ ತಿಳಿಯದ ಭಾಷೆಯ ಪುಸ್ತಕ ತೆರೆದರೆ, ಚಿತ್ರಗಳಲ್ಲೆಲ್ಲ ತನ್ನದೇ ಬಾಳು. ಕೊನೆಯ ಭಾಗ ಮಾತ್ರ ಇಲ್ಲ. ಕಾದಂಬರಿಯೂ ಮುಗಿಯಲಿಲ್ಲ. 1801ರಲ್ಲಿ, ಇಪ್ಪತ್ತೆಂಟನೆಯ ವಯಸ್ಸಿಗೇ, ನೋವಾಲಿಸ್ ತೀರಿಕೊಂಡ. ನನ್ನ ಒಲವು ಗಯಟೆಯ ಕಡೆಗೇ. ಆದರೂ ನೀನು ಇಬ್ಬರನ್ನೂ ಓದು.

ಮೈಸ್ಟರ್‌ನ ಆರನೆಯ ಭಾಗವನ್ನು ಮಾತ್ರ ಹಾರಿಸಬೇಡ. ಕಥೆಯನ್ನು ಅಲ್ಲಿಗೇ ನಿಲ್ಲಿಸಿ ಒಬ್ಬ ಹೆಣ್ಣುಮಗಳು ತನ್ನ ಒಳಬದುಕನ್ನು ತಾನೇ ಹೇಳಿಕೊಳ್ಳುತ್ತಾಳೆ. ನಿಶ್ಚಯವಾಗಿದ್ದ ಮದುವೆಯನ್ನು ಬಿಟ್ಟು ಅವಳು ತನ್ನ ನಂಬಿಕೆಯನ್ನು ಆರಿಸಿಕೊಂಡವಳು. ಅಂಥವಳ ಹತ್ತಿರ ತಂಗಿಯ ಮಕ್ಕಳು ಬೆಳೆಯುವುದು ಬೇಡವೆಂದು ಹಿರಿಯರು ದೂರವಿಡುತ್ತಾರೆ. ಗಂಡಸಿಗೆ ಅಷ್ಟು ಉದಾರವಾಗಿ ಅಲೆದಾಟವನ್ನು ಮನ್ನಿಸಿದ ಗಯಟೆ ಇವಳಿಗೆ ನ್ಯಾಯ ಮಾಡಿದನೇ? ನನಗೆ ಇನ್ನೂ ಅನುಮಾನವಿದೆ. ಓದಿ, ನಿನಗೇನನಿಸಿತೆಂದು ಬಿಡುವು ಮಾಡಿಕೊಂಡು ಬರೆ.

ನಿನ್ನ ಅಜ್ಜ