ಲವೊದಿಕೀಯದ ನೀರು

ಟರ್ಕಿ ದೇಶದ ಪಶ್ಚಿಮ ಭಾಗದಲ್ಲಿ ಆದಿಕಾಲದ ಕ್ರೈಸ್ತರ ಏಳು ಸಭೆಗಳು ನೆಲೆಸಿದ್ದವು. ಆ ಸ್ಥಳಗಳ ದರ್ಶನಕ್ಕಾಗಿ ಯಾತ್ರಿಕರು ಇಂದಿಗೂ ತಂಡತಂಡವಾಗಿ ಬರುತ್ತಾರೆ. ಅವುಗಳಲ್ಲಿ ಎಫೆಸವು ಸುಪ್ರಸಿದ್ಧವಾದುದು. ಸಂತ ಪೌಲನ ಬೋಧನೆಗೆ ಸಿಡಿದೆದ್ದ ಜನ ನುಗ್ಗಿದರೆಂದು ಬೈಬಲ್ ಹೇಳುವ ರಂಗಮಂದಿರವು ಅಲ್ಲಿ ಇನ್ನೂ ಉಳಿದಿದೆ. ಆದರೆ ನದಿಯ ಹೂಳು ತುಂಬಿ ಬಂದರು ಮುಚ್ಚಿಹೋಗಿದೆ; ಕಡಲು ದೂರ ಸರಿದಿದೆ.

ಅಲ್ಲಿಂದ ಪೂರ್ವಕ್ಕೆ ಸಾಗಿದರೆ ಪಾಮುಕ್ಕಲೆ ಎದುರಾಗುತ್ತದೆ. ಈ ಹೆಸರಿಗೆ 'ಹತ್ತಿಯ ಕೋಟೆ' ಎಂದರ್ಥ. ಬಿಸಿನೀರಿನ ಬುಗ್ಗೆಗಳು ಹೊತ್ತು ತಂದ ಸುಣ್ಣವು ಹೆಪ್ಪುಗಟ್ಟಿ, ಬೆಟ್ಟದ ಮೈಮೇಲೆ ಹಿಮದಂತಹ ಸೋಪಾನಗಳನ್ನು ನಿರ್ಮಿಸಿದೆ. ಅದರ ನೆತ್ತಿಯಲ್ಲಿ ಹಿಯರಾಪೊಲಿಯ ಅವಶೇಷಗಳು ಹರಡಿವೆ. 1988ರಲ್ಲಿ ಇವೆರಡೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು.

ಕಣಿವೆಯ ಆಚೆ ಇರುವುದೇ ಲವೊದಿಕೀಯ. ಕ್ರಿ.ಶ. 60ರ ಭೂಕಂಪದಲ್ಲಿ ಕುಸಿದಾಗ, ರೋಮಿನ ನೆರವನ್ನು ಬೇಡದೆ ಸ್ವಂತ ಹಣದಿಂದಲೇ ತಲೆಯೆತ್ತಿದ ಸಿರಿವಂತ ನಗರವದು. ಆದರೂ ನೀರನ್ನು ದೂರದಿಂದ ತರಬೇಕಾಗಿತ್ತು. ಆ ಕೊಳವೆಗಳೊಳಗೆ ಸುಣ್ಣದ ಪದರ ಇಂದಿಗೂ ಕಾಣುತ್ತದೆ. ಬಿಸಿಯೂ ಅಲ್ಲ, ತಣ್ಣಗೂ ಇಲ್ಲ ಎಂದು ಬೈಬಲಿನ ಕೊನೆಯ ಗ್ರಂಥವು ಈ ಊರಿನ ಸಭೆಯನ್ನು ಆಕ್ಷೇಪಿಸಿತು. ಆ ಮಾತಿನ ಹಿಂದೆ ಈ ನೀರೇ ಇದೆಯೆಂದು ಹಲವು ವಿದ್ವಾಂಸರು ಭಾವಿಸುತ್ತಾರೆ.

ಅವಶೇಷಗಳನ್ನು ನೋಡಲೆಂದು ಬಂದ ಯಾತ್ರಿಕನು ಆ ಕೊಳವೆಯ ಮುಂದೆ ಕ್ಷಣಕಾಲ ಮೌನವಾಗುತ್ತಾನೆ. ಅಲ್ಲಿ ಅವನು ನೋಡಬೇಕಾದುದು ಕಲ್ಲನ್ನಲ್ಲ, ತನ್ನನ್ನೇ.