ತಾನೇ ನಡೆಯುವ ಬಾನುಲಿ

ನಡುರಾತ್ರಿಯಲ್ಲಿ ರೇಡಿಯೋ ಹಾಡುತ್ತಿದ್ದರೆ, ನಿಲಯದಲ್ಲಿ ಯಾರೋ ಎಚ್ಚರವಾಗಿರುವರೆಂದು ನಾವು ಭಾವಿಸುತ್ತೇವೆ. ಆದರೆ ಇಂದು ಅನೇಕ ನಿಲಯಗಳಲ್ಲಿ ಆ ಹೊತ್ತಿಗೆ ದುಡಿಯುವುದು ಕಂಪ್ಯೂಟರ್ ಒಂದೇ. ಅದನ್ನು ನಡೆಸುವ ತಂತ್ರಾಂಶದ ಪರಿಚಯ ಮಾಡಿಕೊಳ್ಳೋಣ.

ಇದರ ಕೆಲಸ ಮುಖ್ಯವಾಗಿ ಮೂರು ಬಗೆಯದು. ಮೊದಲನೆಯದು ಭಂಡಾರ: ಹಾಡು, ಭಾಷಣ, ಪ್ರಕಟಣೆಗಳನ್ನು ಹೆಸರು ಮತ್ತು ಅವಧಿಗಳೊಡನೆ ಜೋಡಿಸಿಡುವುದು. ಎರಡನೆಯದು ವೇಳಾಪಟ್ಟಿ: ನಮ್ಮ ಶಾಲೆಯ ಪಾಠಗಳಂತೆ, ಯಾವ ಹೊತ್ತಿಗೆ ಯಾವ ಕಾರ್ಯಕ್ರಮವೆಂದು ಮೊದಲೇ ಗೊತ್ತುಮಾಡುವುದು. ಮೂರನೆಯದು ಪ್ರಸಾರ: ಒಂದು ಹಾಡು ಮುಗಿಯುತ್ತಿದ್ದಂತೆ ಇನ್ನೊಂದನ್ನು ಮೆಲ್ಲನೆ ಬೆಸೆಯುವುದು. ನಿರೂಪಕನು ಬಂದು ನೇರವಾಗಿ ಮಾತನಾಡತೊಡಗಿದರೆ ಯಂತ್ರವು ಅವನಿಗೆ ಎಡೆಗೊಟ್ಟು, ಅವನ ಮಾತು ಮುಗಿದ ಬಳಿಕ ಮತ್ತೆ ತನ್ನ ಕೆಲಸ ಹಿಡಿಯುತ್ತದೆ.

ಯುರೋಪಿನ ಸೋರ್ಸ್‌ಫ್ಯಾಬ್ರಿಕ್ ಸಂಸ್ಥೆಯು 2011ರಲ್ಲಿ ‘ಏರ್‌ಟೈಮ್’ ಎಂಬ ಇಂಥ ತಂತ್ರಾಂಶವನ್ನು ಹೊರತಂದಿತು. ಅದು ಮುಕ್ತ ತಂತ್ರಾಂಶ. ಎಂದರೆ ಅದರ ಮೂಲಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಕೆಲವು ವರ್ಷಗಳಲ್ಲಿ ಆ ಮುಕ್ತ ಆವೃತ್ತಿಯ ಬೆಳವಣಿಗೆ ಕುಂಠಿತವಾಯಿತು. ಮೂಲಬರಹವು ಗುಟ್ಟಾಗಿದ್ದರೆ, ಅದನ್ನೇ ನೆಚ್ಚಿದ್ದ ಸಣ್ಣ ನಿಲಯಗಳು ಕೈಕಟ್ಟಿ ಕುಳಿತಿರಬೇಕಾಗಿತ್ತು. ಆದರೆ 2017ರಲ್ಲಿ, ಬಳಸುತ್ತಿದ್ದವರಲ್ಲೇ ಕೆಲವರು ಅದನ್ನು ಕೈಗೆತ್ತಿಕೊಂಡು ‘ಲಿಬ್ರೆಟೈಮ್’ ಎಂಬ ಹೊಸ ಹೆಸರಿನಿಂದ ಮುಂದುವರಿಸಿದರು.

ಊರ ಕೆರೆಯ ಹೂಳನ್ನು ಊರವರೇ ಎತ್ತಿ ನೀರು ಉಳಿಸಿಕೊಳ್ಳುವಂತೆ, ಹಂಚಿಕೊಂಡ ವಿದ್ಯೆಯನ್ನೂ ಬಳಸುವವರೇ ಕಾಪಾಡಬಲ್ಲರು. ಆದರೆ ಬರಹವು ಎದುರಿಗೆ ತೆರೆದಿದ್ದರಷ್ಟೇ ಸಾಲದು. ಅದನ್ನು ಓದಿ ತಿದ್ದಬಲ್ಲವರೂ ಬೇಕು. ಅಂಥವರಾಗಲು ನಾವು ಇಂದೇ ಕಲಿಯತೊಡಗೋಣ.